ಗೆರೆ ಮೂಡಿತು, ಸರಿ, ಪ್ರತಿಕಾಯ ಎಷ್ಟಿದೆ?

ಟೈಫಾಯಿಡ್ ಅನುಮಾನದಲ್ಲಿ ವೈಡಾಲ್ ಪರೀಕ್ಷೆ ಮಾಡಿಸಿದವರು ವರದಿಯಲ್ಲಿ 1:160 ಎಂಬಂಥ ಅಂಕಿ ನೋಡಿರುತ್ತಾರೆ. ಸೀರಮ್ಮನ್ನು ಅಷ್ಟು ಪಟ್ಟು ತೆಳುವಾಗಿಸಿದರೂ ಅದರಲ್ಲಿನ ಪ್ರತಿಕಾಯಗಳಿಂದ (ಆಂಟಿಬಾಡಿ) ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡವು ಎಂದು ಅದರರ್ಥ. 1896ರಲ್ಲಿ ಫ್ರಾನ್ಸಿನ ಫರ್ನಾಂಡ್ ವಿಡಾಲ್ ಬಳಕೆಗೆ ತಂದ ಈ ವಿಧಾನ ಒರಟು, ಪೂರ್ತಿ ನಂಬುವಂಥದ್ದೂ ಅಲ್ಲ. ಆದರೂ ಪ್ರತಿಕಾಯ ಇದೆಯೇ ಎಂಬಲ್ಲಿಗೆ ನಿಲ್ಲದೆ ಎಷ್ಟಿದೆ ಎಂದೂ ಅದು ಕೇಳಿತು.

1971ರಲ್ಲಿ ಸ್ಟಾಕ್‌ಹೋಮಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಲೈಸಾ ವಿಧಾನ ಪ್ರಕಟಿಸಿದ ಮೇಲೆ ಉತ್ತರ ನಿಖರವಾಯಿತು. ಆದರೆ ಅದಕ್ಕೆ ಪ್ರಯೋಗಾಲಯ ಬೇಕು, ಗಂಟೆಗಟ್ಟಲೆ ತಾಳ್ಮೆಯೂ ಬೇಕು. 1988ರಲ್ಲಿ ಇಂಗ್ಲೆಂಡಿನಿಂದ ಬಂದ ಒಂದೇ ಹಂತದ ಗರ್ಭಪರೀಕ್ಷೆಯ ಪಟ್ಟಿ ಕಾಯುವಿಕೆಯನ್ನು ನಿಮಿಷಗಳಿಗೆ ಇಳಿಸಿತು. ಅದೇ ಪಟ್ಟಿ ಮುಂದೆ ಪ್ರತಿಕಾಯಗಳಿಗೂ ಒಗ್ಗಿತು. ಹನಿ ರಕ್ತ ನೈಟ್ರೋಸೆಲ್ಯುಲೋಸ್ ಪೊರೆಯಲ್ಲಿ ಹರಿಯುತ್ತದೆ. ಚಿನ್ನದ ಸೂಕ್ಷ್ಮ ಕಣ ಕಟ್ಟಿಕೊಂಡ ಪ್ರತಿಕಾಯ ಗೆರೆಯಲ್ಲಿ ಸಿಕ್ಕಿಬಿದ್ದು ಕೆಂಪಾಗಿ ಕಾಣುತ್ತದೆ. ವೇಗ ಸಿಕ್ಕಿತು, 'ಎಷ್ಟು' ಎಂಬುದು ಕೈತಪ್ಪಿತು.

ಗೆರೆ ಗಾಢವಾದಷ್ಟೂ ಪ್ರತಿಕಾಯ ಹೆಚ್ಚು ಎಂದುಕೊಳ್ಳುವುದು ಸುಲಭ. ಆದರೆ ಪೊರೆಯ ಒಂದು ತುಂಡಿನಂತೆ ಇನ್ನೊಂದು ಹೀರುವುದಿಲ್ಲ. ಹತ್ತು ನಿಮಿಷಕ್ಕೆ ಕಂಡ ಬಣ್ಣ ಇಪ್ಪತ್ತಕ್ಕೆ ಇರುವುದಿಲ್ಲ. ಇದಕ್ಕಿಂತ ಮೋಸದ್ದು ಇನ್ನೊಂದು. ಚಿನ್ನದ ಕಣದ ಮೇಲಿನ ಪ್ರತಿಜನಕಕ್ಕೂ (ಪ್ರತಿಕಾಯ ಅಂಟಿಕೊಳ್ಳುವ ಅಣು) ಗೆರೆಯ ಪ್ರತಿಜನಕಕ್ಕೂ ಪ್ರತಿಕಾಯವೇ ಸೇತುವೆಯಾಗುವ ಪಟ್ಟಿಗಳಲ್ಲಿ, ಪ್ರತಿಕಾಯ ಮಿತಿಮೀರಿದರೆ ಎರಡೂ ಬದಿಗೆ ಬೇರೆಬೇರೆ ಪ್ರತಿಕಾಯಗಳು ಕೂತು ಸೇತುವೆ ಕಟ್ಟುವುದೇ ಇಲ್ಲ. ಅತಿ ಹೆಚ್ಚು ಇದ್ದವರ ಗೆರೆಯೇ ಪೇಲವವಾಗುತ್ತದೆ!

ಗೆರೆಯನ್ನು ಅಳೆಯಲು ಕಣ್ಣಿನ ಬದಲು ಬೆಳಕಿನ ರೀಡರ್ ಇಟ್ಟರು, ಚಿನ್ನದ ಬದಲು ಹೊಳೆಯುವ ಯುರೋಪಿಯಂ ಕಣ ಹಾಕಿದರು, ಮೊಬೈಲ್ ಕ್ಯಾಮೆರಾವನ್ನೂ ಹಚ್ಚಿದರು. ಎಲ್ಲವೂ ಪ್ರಯೋಜನಕ್ಕೆ ಬಂದವು. ನನಗೆ ಹೆಚ್ಚು ಜಾಣತನ ಅನ್ನಿಸಿದ್ದು ಯುರೋಪಿನ ತುರ್ತು ಚಿಕಿತ್ಸಾ ಘಟಕಗಳು ಬಳಸಿದ ಧನುರ್ವಾಯು ಪಟ್ಟಿ: ಅದು ಅಳೆಯುವ ಗೋಜಿಗೇ ಹೋಗುವುದಿಲ್ಲ. ರಕ್ಷಣೆಗೆ ಸಾಕೆನಿಸುವ ಮಟ್ಟ ದಾಟಿದರೆ ಮಾತ್ರ ಗೆರೆ ಮೂಡುವಂತೆ ಅದನ್ನು ಹದಗೊಳಿಸಿದ್ದಾರೆ. ಗಾಯಾಳುವಿನ ಮುಂದೆ ನಿಂತ ವೈದ್ಯರಿಗೆ ಬೇಕಾದದ್ದೂ ಅಷ್ಟೇ.

ಅಳತೆಗೋಲಿನ ಸಮಸ್ಯೆ ಬೇರೆಯೇ. ರೇಬೀಸ್‌ಗೆ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ, ಹೆಪಟೈಟಿಸ್ ಬಿ ಲಸಿಕೆಗೆ 10 ಮಿಲಿಘಟಕ ಎಂಬ ಗಡಿಗಳಿವೆ. ಕೋವಿಡ್ ಬಂದಾಗ ಅಂಥದ್ದೇನೂ ಇರಲಿಲ್ಲ. 2020ರ ಏಪ್ರಿಲ್‌ನಲ್ಲಿ ರ‍್ಯಾಪಿಡ್ ಆಂಟಿಬಾಡಿ ಕಿಟ್‌ಗಳ ಫಲಿತಾಂಶದಲ್ಲಿ ಭಾರೀ ಏರುಪೇರು ಕಂಡು ಐಸಿಎಂಆರ್ ಅವುಗಳ ಬಳಕೆಗೆ ತಡೆ ಹಾಕಿತು. ಚೇತರಿಸಿಕೊಂಡವರ ಪ್ಲಾಸ್ಮಾ ಬೆರೆಸಿ ಮಾಡಿದ ಮಾನಕವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು ಆ ಡಿಸೆಂಬರಿನಲ್ಲಿ.

ಬಿಹಾರದ ಕಾಲಾ ಅಜಾರ್ ಊರುಗಳಲ್ಲಿ ಆ ರೋಗದ ಪ್ರತಿಕಾಯ ಹುಡುಕುವ ಆರ್‌ಕೆ39 ಪಟ್ಟಿ ದೊಡ್ಡ ಉಪಕಾರ ಮಾಡಿದೆ. ಆದರೆ ರೋಗ ವಾಸಿಯಾಗಿ ತಿಂಗಳುಗಳೇ ಕಳೆದರೂ ಅದರ ಗೆರೆ ಮೂಡುತ್ತಲೇ ಇರುತ್ತದೆ; ಪ್ರತಿಕಾಯ ಇಳಿಯುತ್ತಿದೆ ಎಂದು ಹೇಳಲು ಅದಕ್ಕೆ ಬಾರದು. ರೋಗ ಮರುಕಳಿಸಿರುವ ಅನುಮಾನ ಬಂದರೆ ಇಂದಿಗೂ ಮೂಳೆಮಜ್ಜೆಗೋ ಗುಲ್ಮಕ್ಕೋ ಸೂಜಿ ಚುಚ್ಚಿ ಪರಾವಲಂಬಿಯನ್ನೇ ಹುಡುಕಬೇಕು.