ಗೊರಕೆ ಕಸಿಯುವ ಕಸುವು: ಕ್ರೀಡಾಪಟುಗಳಿಗೂ ಬಿಡದ ಸ್ಲೀಪ್ ಆಪ್ನಿಯಾ

ಅಮೆರಿಕನ್ ಫುಟ್‌ಬಾಲ್‌ನ ಖ್ಯಾತ ಆಟಗಾರ ರೆಗ್ಗಿ ವೈಟ್ 2004ರ ಡಿಸೆಂಬರ್ 26ರಂದು ಹೃದಯ ಬಡಿತದ ಲಯ ತಪ್ಪಿ ಅಸುನೀಗಿದಾಗ ಅವರ ವಯಸ್ಸು ಕೇವಲ 43. ಹೃದಯ ಮತ್ತು ಶ್ವಾಸಕೋಶಗಳನ್ನು ಬಾಧಿಸುತ್ತಿದ್ದ ಸಾರ್ಕಾಯ್ಡೋಸಿಸ್ ರೋಗ ಇದಕ್ಕೆ ಮುಖ್ಯ ಕಾರಣವೆನ್ನಲಾಯಿತು. ಜೊತೆಗೆ ಅವರಿಗಿದ್ದ ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಸಾವಿಗೆ ಪೂರಕವಾಗಿರಬಹುದೆಂದು ವೈದ್ಯಾಧಿಕಾರಿಗಳು ಅಭಿಪ್ರಾಯಪಟ್ಟರು. ಕಟ್ಟುಮಸ್ತಾದ ದೇಹವನ್ನೂ ಈ ಕಾಯಿಲೆ ಬಿಡುವುದಿಲ್ಲ ಎಂಬುದು ಗಮನಾರ್ಹ.

ಉಸಿರು ಕಟ್ಟುವುದೇಕೆ?

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ಶ್ವಾಸಮಾರ್ಗವೇ ಮುಚ್ಚಿಕೊಂಡು 10 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರಾಟ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿದ್ದಂತೆ ಮೆದುಳು ಕ್ಷಣಕಾಲ ಎಚ್ಚೆತ್ತು ಉಸಿರಾಟಕ್ಕೆ ಮತ್ತೆ ಚಾಲನೆ ನೀಡುತ್ತದೆ. ಮಲಗಿದವರಿಗೆ ಇದರ ಅರಿವೇ ಇರುವುದಿಲ್ಲ. ಗಂಟೆಗೆ 5 ಬಾರಿ ಇಂಥ ಅಡಚಣೆಯಾದರೂ ಅದು ಅಸಹಜ. 30 ಅಥವಾ ಹೆಚ್ಚಾದರೆ ತೀವ್ರ ಸ್ವರೂಪದ್ದು.

ಕುತ್ತಿಗೆ ದಪ್ಪವಿದ್ದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಕುಸ್ತಿ, ಭಾರ ಎತ್ತುವಿಕೆಯಂಥ ಕ್ರೀಡೆಗಳಲ್ಲಿರುವ ಭಾರೀ ದೇಹದವರು ಎಚ್ಚರ ವಹಿಸಬೇಕು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟಗಾರರ ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವು ಶೇ. 14ರಷ್ಟು ಮಂದಿಗೆ ನಿದ್ರಾ ಉಸಿರಾಟದ ತೊಂದರೆ ಇರಬಹುದೆಂದು ಅಂದಾಜಿಸಿತ್ತು. ಹೆಚ್ಚಿನ ಅಪಾಯವಿದ್ದ ಗುಂಪಿನಲ್ಲಿ ಈ ಪ್ರಮಾಣ ಶೇ. 34.

ಆಟದ ಮೇಲೆ ಪರಿಣಾಮ

ದಣಿದ ಸ್ನಾಯುಗಳ ಚೇತರಿಕೆಗೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ರೆಯಲ್ಲಿ. ನಿದ್ರೆ ಪದೇಪದೇ ತುಂಡಾದರೆ ಈ ಹಂತವೇ ಕೈತಪ್ಪುತ್ತದೆ. ಫಲವಾಗಿ ಹಗಲು ತೂಕಡಿಕೆ, ಏಕಾಗ್ರತೆಯ ಕೊರತೆ, ನಿಧಾನವಾದ ಪ್ರತಿಕ್ರಿಯೆ ತಲೆದೋರುತ್ತವೆ. ಚೆಂಡನ್ನು ಗುರುತಿಸುವಲ್ಲಿ ಅರೆಕ್ಷಣ ತಡವಾದರೂ ಆಟ ಕೈಜಾರಬಹುದು. ಇದನ್ನು ಅರಿಯದೆ, ಆಟಗಾರನ ಸೋಮಾರಿತನವೆಂದು ಬಗೆದು ಅಭ್ಯಾಸ ಹೆಚ್ಚಿಸಿದರೆ ದಣಿವು ಇಮ್ಮಡಿಯಾಗುತ್ತದೆಯೇ ಹೊರತು ಪ್ರಯೋಜನವಿಲ್ಲ. ಚಿಕಿತ್ಸೆ ಪಡೆಯದಿದ್ದರೆ ರಕ್ತದೊತ್ತಡ ಏರುವ, ಹೃದಯದ ಲಯ ತಪ್ಪುವ ಅಪಾಯವೂ ಉಂಟು.

ಪರಿಹಾರವೇನು?

ರಾತ್ರಿಯ ನಿದ್ರಾ ಪರೀಕ್ಷೆಯಿಂದ ರೋಗ ಪತ್ತೆಯಾಗುತ್ತದೆ. ಮುಖಕವಚದ ಮೂಲಕ ಗಾಳಿಯ ಒತ್ತಡ ನೀಡಿ ಶ್ವಾಸಮಾರ್ಗವನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಪ್ರಮುಖ ಚಿಕಿತ್ಸೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಹೋದ್ಯೋಗಿಗಳು 1981ರಲ್ಲಿ ಇದನ್ನು ಪರಿಚಯಿಸಿದರು. ಬ್ಯಾಸ್ಕೆಟ್‌ಬಾಲ್ ತಾರೆ ಶಕೀಲ್ ಓನೀಲ್ ತಮಗೆ ಈ ಕಾಯಿಲೆಯಿರುವುದು ಪತ್ತೆಯಾದ ಬಳಿಕ ಸಿಪ್ಯಾಪ್ ಮೊರೆ ಹೋಗಿದ್ದನ್ನು 2011ರಲ್ಲಿ ಬಹಿರಂಗಪಡಿಸಿದ್ದರು. ತೂಕ ಇಳಿಸುವುದು, ರಾತ್ರಿ ಮದ್ಯ ವರ್ಜಿಸುವುದು, ಮಗ್ಗುಲಾಗಿ ಮಲಗುವುದೂ ಹಲವರಿಗೆ ಸಹಕಾರಿ.

ದಣಿದವರು ಗೊರಕೆ ಹೊಡೆಯುವುದು ಸಹಜವೆಂಬ ನಂಬಿಕೆ ಮನೆಮನೆಯಲ್ಲಿದೆ. ಆದರೆ ಗೊರಕೆ ಹಠಾತ್ತನೆ ನಿಂತು, ಏದುಸಿರಿನೊಂದಿಗೆ ಮರಳುತ್ತಿದ್ದರೆ ಅದು ಸುಖನಿದ್ರೆಯಲ್ಲ. ಆಟಗಾರನಿಗೆ ಅರಿವಿಲ್ಲದ ಈ ಲಕ್ಷಣವನ್ನು ಮೊದಲು ಗುರುತಿಸಬಲ್ಲವರು ಮನೆಯವರು ಮತ್ತು ಕೊಠಡಿಯ ಸಂಗಾತಿಗಳು. ಅವರು ನೀಡುವ ಎಚ್ಚರಿಕೆ ಒಂದು ಜೀವವನ್ನೇ ಉಳಿಸಬಹುದು.