ನೆನಪಿನ ಅಳತೆ ಮತ್ತು ನುಡಿಯ ನೆಲೆ: ಮಲೆನಾಡಿನ ಕ್ಯಾನ್ಸರ್ ರೋಗಿಗಳನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಜಾನಪದ ಅಧ್ಯಯನವು ಹಾಡು, ಕಥೆ, ಒಗಟುಗಳನ್ನು ಸಂಗ್ರಹಿಸುವಾಗ ಅವುಗಳನ್ನು ಹೊತ್ತಿರುವ ವ್ಯಕ್ತಿಯ ನೆನಪನ್ನು ಗಟ್ಟಿಯಾದ ನೆಲವೆಂದೇ ಭಾವಿಸುತ್ತದೆ. ಕಾಯಿಲೆ ಮತ್ತು ಚಿಕಿತ್ಸೆಯಿಂದ ಆ ನೆಲವೇ ಅಲುಗಿದಾಗ ಅದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ವೈದ್ಯರಿಗೆ ಬಿಟ್ಟಿದ್ದೇವೆ. ಆದರೆ ಮನಸ್ಸನ್ನು ಅಳೆಯುವ ಯಾವ ಪರೀಕ್ಷೆಯೂ ನುಡಿಯನ್ನು ಬಿಟ್ಟು ನಡೆಯುವುದಿಲ್ಲ. ಈ ಹಿನ್ನೆಲೆಯಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಜನಜೀವನವನ್ನು ಮುಂದಿಟ್ಟುಕೊಂಡು, ಕ್ಯಾನ್ಸರ್ ಚಿಕಿತ್ಸೆ ಪಡೆಯುವವರ ಅರಿವಿನ ಸಾಮರ್ಥ್ಯದ ಪರೀಕ್ಷೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೀಮೋಥೆರಪಿ ಪಡೆದ ರೋಗಿಗಳಲ್ಲಿ ಅರಿವಿನ ಕುಂದುಗಳು ಕಾಣಿಸುತ್ತವೆಂಬುದನ್ನು 1980ರಲ್ಲಿಯೇ ಅಮೆರಿಕದ ಮನೋವೈದ್ಯ ಸಿಲ್ಬರ್‌ಫಾರ್ಬ್ ಮತ್ತು ಸಂಗಡಿಗರು ದಾಖಲಿಸಿದರು. 1998ರಲ್ಲಿ ನೆದರ್ಲೆಂಡ್ಸ್‌ನ ವಾನ್ ಡಾಮ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮಹಿಳೆಯರನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದ ನಂತರ ವಿಷಯಕ್ಕೆ ಹೆಚ್ಚಿನ ಗಮನ ದೊರೆಯಿತು. ಗಮನ ನಿಲ್ಲದಿರುವುದು, ಆಲೋಚನೆ ನಿಧಾನವಾಗುವುದು, ಹೊಸದನ್ನು ನೆನಪಿಡಲಾಗದಿರುವುದು, ಬೇಕಾದ ಪದ ನಾಲಿಗೆಗೆ ಬಾರದಿರುವುದು ಇದರ ಮುಖ್ಯ ಲಕ್ಷಣಗಳು. ಔಷಧಿಯೊಂದೇ ಇದಕ್ಕೆ ಕಾರಣವಲ್ಲ. ರಕ್ತಹೀನತೆ, ನಿದ್ರಾಭಂಗ, ಆಯಾಸ, ಖಿನ್ನತೆ, ನೋವಿನ ಔಷಧಿಗಳು, ಹಾರ್ಮೋನ್ ಚಿಕಿತ್ಸೆ ಇವೂ ಸೇರಿರುತ್ತವೆ. ಕೆಲವರಲ್ಲಿ ಚಿಕಿತ್ಸೆಗೆ ಮೊದಲೇ ಕುಂದು ಕಾಣುತ್ತದೆ. ಆದ್ದರಿಂದ ಚಿಕಿತ್ಸೆಯ ಮೊದಲೊಮ್ಮೆ ಹಾಗೂ ಅನಂತರ ಮತ್ತೆ ಪರೀಕ್ಷಿಸಿ ಹೋಲಿಸಬೇಕೆಂಬುದು ತಜ್ಞರ ಅಭಿಪ್ರಾಯ. 2011ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ಕಾರ್ಯಪಡೆಯು ಮೂರು ಪರೀಕ್ಷೆಗಳನ್ನು ಶಿಫಾರಸು ಮಾಡಿತು: ಕೇಳಿದ ಪದಪಟ್ಟಿಯನ್ನು ಕಲಿತು ಹೇಳುವುದು, ಅಂಕಿ ಮತ್ತು ಅಕ್ಷರಗಳನ್ನು ಸರದಿಯಂತೆ ಗೆರೆಯಿಂದ ಜೋಡಿಸುವುದು, ಒಂದು ಅಕ್ಷರದಿಂದ ಆರಂಭವಾಗುವ ಪದಗಳನ್ನು ನಿಗದಿತ ಸಮಯದಲ್ಲಿ ಹೇಳುವುದು.

ಈ ಮೂರರಲ್ಲಿ ಎರಡು ಅಕ್ಷರಜ್ಞಾನವನ್ನು ಬೇಡುತ್ತವೆ ಎಂಬುದು ಗಮನಾರ್ಹ. ಶಾಲೆಯ ಮೆಟ್ಟಿಲು ಹತ್ತದ ವೃದ್ಧೆಯೊಬ್ಬಳು ಇವುಗಳಲ್ಲಿ ಸೋತರೆ ಅದು ರೋಗದ ಫಲವೋ, ಚಿಕಿತ್ಸೆಯ ಫಲವೋ, ಶಾಲೆಯಿಲ್ಲದ ಬಾಲ್ಯದ ಫಲವೋ ಹೇಳಲಾಗದು.

ಪರೀಕ್ಷೆಗಳನ್ನು ಕನ್ನಡಕ್ಕೆ ಒಗ್ಗಿಸುವ ಯತ್ನಕ್ಕೆ ದೀರ್ಘ ಚರಿತ್ರೆಯಿದೆ. ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಹಾಗೂ ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ 1940ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ರೂಪುಗೊಂಡು, ಕ್ಯಾನ್ಸರ್ ಚಿಕಿತ್ಸೆ ಮತ್ತು ನರಮನೋವಿಜ್ಞಾನ ಎರಡಕ್ಕೂ ನಾಡಿನಲ್ಲಿ ನೆಲೆ ದೊರೆಯಿತು. 2004ರಲ್ಲಿ ಶೋಭಿನಿ ರಾವ್, ಸುಬ್ಬಕೃಷ್ಣ ಮತ್ತು ಗೋಪುಕುಮಾರ್ ಅವರು ನಿಮ್ಹಾನ್ಸ್‌ನಿಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯನ್ನು ಹೊರತಂದರು. ಅದರಲ್ಲಿ ಅಕ್ಷರಗಳ ಬದಲು ಬಣ್ಣಗಳನ್ನು ಅನುಸರಿಸಿ ಅಂಕಿಗಳನ್ನು ಜೋಡಿಸುವ ಪರೀಕ್ಷೆ ಇದೆ. ಪ್ರಾಣಿಗಳ ಹೆಸರುಗಳನ್ನು ಹೇಳಿಸುವ ಪರೀಕ್ಷೆಯೂ ಇದೆ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿ ಐದು ಭಾಷೆಗಳಿಗೆ ಸಿದ್ಧಪಡಿಸಿದ ಪರೀಕ್ಷೆಗಳ ಅಧ್ಯಯನ ಪ್ರಕಟವಾಯಿತು. ಮರೆಗುಳಿತನವನ್ನು ಗುರುತಿಸುವುದು ಅದರ ಮೂಲ ಗುರಿಯಾದರೂ ಮಾರ್ಗ ನಮಗೆ ಪ್ರಸ್ತುತವೇ ಆಗಿದೆ.

ಒಗ್ಗಿಸುವುದೆಂದರೆ ಕೇವಲ ಭಾಷಾಂತರವಲ್ಲ. ಹರಿಯಾಣದ ಬಲ್ಲಭಗಢದ ಗ್ರಾಮೀಣ ವೃದ್ಧರಿಗಾಗಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಹಿಂದಿ ಪರೀಕ್ಷೆ ಇದಕ್ಕೆ ಉತ್ತಮ ನಿದರ್ಶನ. ನೂರರಿಂದ ಏಳೇಳು ಕಳೆಯುವ ಲೆಕ್ಕದ ಜಾಗದಲ್ಲಿ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಲಾಯಿತು. ವಾಕ್ಯವೊಂದನ್ನು ಬರೆಯಿರಿ ಎನ್ನುವ ಬದಲು ತಮ್ಮ ಮನೆಯ ಬಗ್ಗೆ ಏನಾದರೂ ಹೇಳುವಂತೆ ಕೇಳಲಾಯಿತು.

ಮಲೆನಾಡಿಗೆ ಇಂಥ ಕ್ರಮವನ್ನು ಅನ್ವಯಿಸುವಾಗ ಜಾನಪದ ವಿದ್ವಾಂಸರು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ದೀಪಾವಳಿಯ ರಾತ್ರಿ ಆರದ ಜ್ಯೋತಿಯನ್ನು ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ ಪಂಟಿಗೆಯ ಹಾಡುಗಾರನೊಬ್ಬ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದನೆಂದು ಊಹಿಸೋಣ. ಆತ ಹಾಡನ್ನು ತಪ್ಪಿಲ್ಲದೆ ಹಾಡಿದರೆ ಮನೆಯವರು ನೆನಪಿಗೇನೂ ಆಗಿಲ್ಲವೆಂದು ನಿರಾಳರಾಗುತ್ತಾರೆ. ಆದರೆ ಹತ್ತಾರು ವರ್ಷ ನಾಲಿಗೆಯ ಮೇಲಾಡಿದ ಹಾಡು ಹಳೆಯ ನೆನಪಿನ ಆಸ್ತಿ. ಬೆಳಿಗ್ಗೆ ಯಾವ ಮಾತ್ರೆ ನುಂಗಿದೆ, ಅಡಿಕೆ ಮಾರಿದ ಹಣದಲ್ಲಿ ಯಾರಿಗೆಷ್ಟು ಕೊಟ್ಟೆ ಎಂಬುದು ಹೊಸ ನೆನಪಿನ ಕೆಲಸ. ಚಿಕಿತ್ಸೆಯಿಂದ ಮೊದಲು ಸಡಿಲಗೊಳ್ಳುವುದು ಸಾಮಾನ್ಯವಾಗಿ ಈ ಎರಡನೆಯದು. ಗೊತ್ತಿರುವ ಒಗಟನ್ನು ಕೇಳಿ ಉತ್ತರ ಪಡೆಯುವುದಕ್ಕೂ ಇದೇ ಮಿತಿ ಇದೆ.

ಹಾಗೆಂದು ಜನಪದ ಸಾಮಗ್ರಿ ನಿರುಪಯುಕ್ತವೆಂದು ಭಾವಿಸಬೇಕಿಲ್ಲ. ಕೃಷಿಕರು ಮಳೆಯನ್ನು ಎಣಿಸುವುದು ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ ಎಂಬ ನಕ್ಷತ್ರಗಳ ಕ್ರಮದಲ್ಲಿ. ಈ ಕ್ರಮವನ್ನು ಮುಂದಕ್ಕೆ ಹೇಳುವುದು ರೂಢಿ. ಪುಷ್ಯದಿಂದ ಹಿಂದಕ್ಕೆ ಹೇಳಲು ಗಮನವೂ ಹಿಡಿತವೂ ಬೇಕು. ತಾರೀಖು ತಿಳಿಯದವರಿಗೆ ಈಗ ಯಾವ ಮಳೆ ನಡೆಯುತ್ತಿದೆ ಎಂದು ಕೇಳಬಹುದು. ಪದಪಟ್ಟಿಗೆ ಅಡಿಕೆ, ಸೂಡಿ, ಕಂಬಳಿ, ಒರಳು ಮುಂತಾದ ಬಳಕೆಯ ಪದಗಳನ್ನು ಆರಿಸಬಹುದು. ಕಥೆಯನ್ನು ಕೇಳಿಸಿ ಹೇಳಿಸುವುದಾದರೆ ಅದು ಪರಿಚಿತ ಧಾಟಿಯಲ್ಲಿದ್ದರೂ ಹೊಸ ಕಥೆಯೇ ಆಗಿರಬೇಕು. ಒಟ್ಟಿನಲ್ಲಿ ರೂಪ ಜನಪದದ್ದಾಗಿ, ಕೆಲಸ ಹೊಸದಾಗಿರಬೇಕು ಎನ್ನಬಹುದು.

ಇವು ಸೂಚನೆಗಳೇ ಹೊರತು ಸಿದ್ಧ ಪರೀಕ್ಷೆಗಳಲ್ಲ. ಆರೋಗ್ಯವಂತರಲ್ಲಿ ವಯಸ್ಸು ಮತ್ತು ಶಿಕ್ಷಣಗಳಿಗೆ ಅನುಗುಣವಾಗಿ ಅಂಕಗಳನ್ನು ನಿಗದಿಪಡಿಸದೆ ಯಾವ ಪ್ರಶ್ನೆಯೂ ಅಳತೆಗೋಲಾಗದು. ಮರುಪರೀಕ್ಷೆಯಲ್ಲಿ ಹಳೆಯ ಪಟ್ಟಿಯೇ ಬಂದರೆ ಅಭ್ಯಾಸಬಲದಿಂದ ಅಂಕ ಏರುವುದರಿಂದ ಸಮಾನ ತೂಕದ ಬೇರೆ ಪಟ್ಟಿಗಳೂ ಬೇಕು. ರೋಗಿಯ ದೂರು ಮತ್ತು ಪರೀಕ್ಷೆಯ ಅಂಕ ಹಲವು ವೇಳೆ ತಾಳೆಯಾಗುವುದಿಲ್ಲ; ಅಂಕ ಸರಿಯಿದೆಯೆಂದು ದೂರನ್ನು ತಳ್ಳಿಹಾಕುವುದು ಸಲ್ಲದು. ಅಳತೆಯನ್ನು ನಿಶ್ಚಯಿಸುವ ಕೆಲಸ ಮನೋವಿಜ್ಞಾನಿಗಳದು. ಆದರೆ ಯಾವ ಪದ ಯಾವ ಊರಿನಲ್ಲಿ ಬಳಕೆಯಲ್ಲಿದೆ, ಯಾವುದು ಬಾಯಿಪಾಠ, ಯಾವುದು ಅಪರಿಚಿತ ಎಂಬುದನ್ನು ಹೇಳಬಲ್ಲವರು ಕ್ಷೇತ್ರಕಾರ್ಯ ಮಾಡಿದ ಜಾನಪದ ವಿದ್ವಾಂಸರು. ಚಿಕಿತ್ಸೆಗೆಂದು ಘಟ್ಟ ಇಳಿದೋ ಬೆಂಗಳೂರಿಗೋ ಹೋಗುವ ಮಲೆನಾಡಿನ ರೋಗಿಗೆ ಅಲ್ಲಿ ತನ್ನ ನುಡಿಯಲ್ಲೇ ಪ್ರಶ್ನೆ ಎದುರಾದರೆ, ಇಲ್ಲದ ಕುಂದನ್ನು ಹೊರಿಸುವುದೂ ಇರುವ ಕುಂದನ್ನು ಕಾಣದೆ ಹೋಗುವುದೂ ಕಡಿಮೆಯಾದೀತು.