ಮರಳಿ ಬಂದ ಹೆಜ್ಜೆ

ಹದಿನಾರನೆಯ ಶತಮಾನದ ನೆದರ್ಲ್ಯಾಂಡ್ಸ್ ಸ್ಪೇನಿನ ಅರಸನ ಆಳ್ವಿಕೆಯಲ್ಲಿತ್ತು. ಪ್ರಾಯ ಬಂದ ಮೇಲೆಯೇ ದೀಕ್ಷಾಸ್ನಾನವೆಂದು ನಂಬಿದ್ದ ಅನಬ್ಯಾಪ್ಟಿಸ್ಟ್ ಕ್ರೈಸ್ತರಿಗೆ ಅಲ್ಲಿ ಮರಣದಂಡನೆ ಕಾದಿತ್ತು. ಆಸ್ಪೆರೆನ್ ಊರಿನ ಡಿರ್ಕ್ ವಿಲೆಮ್ಸ್ ಅಂಥವರಲ್ಲೊಬ್ಬ. ಸೆರೆಯಿಂದ ತಪ್ಪಿಸಿಕೊಂಡವನು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿ ಆಚೆಯ ದಡ ಸೇರಿದ. ಬೆನ್ನಟ್ಟಿ ಬಂದವನ ಕಾಲಡಿ ಮಂಜುಗಡ್ಡೆ ಬಿರಿಯಿತು. ಡಿರ್ಕ್ ಮರಳಿ ಬಂದು ಅವನನ್ನು ಮೇಲೆತ್ತಿದ. ಬದುಕಿಕೊಂಡವನು ಇವನನ್ನು ಬಿಟ್ಟುಬಿಡಲು ಬಯಸಿದನಂತೆ. ಆದರೆ ಪುರಾಧ್ಯಕ್ಷ ಅವನು ತೊಟ್ಟ ಪ್ರಮಾಣವನ್ನು ನೆನಪಿಸಿದ. 1569ರ ಮೇ 16ರಂದು ಡಿರ್ಕ್‌ನನ್ನು ಸುಟ್ಟರು.

ಲೋಕದ ಜಾಣತನಕ್ಕೆ ಇದು ಮೌಢ್ಯ. ಯಾಕೋಬನ ಪತ್ರಿಕೆಯಾದರೋ ದೈವದತ್ತವಾದ ವಿವೇಕವನ್ನು ಶಾಂತಿಯಿಂದಲೂ ಕರುಣೆಯಿಂದಲೂ ಗುರುತಿಸುತ್ತದೆ. ಓಡುವ ಹೊತ್ತಿನಲ್ಲಿ ಧರ್ಮಜಿಜ್ಞಾಸೆಗೆ ಬಿಡುವೆಲ್ಲಿ? ದಿನದಿನವೂ ಬಾಳಿ ರೂಢಿಸಿಕೊಂಡ ಶಾಂತಿಯೇ ಆ ಗಳಿಗೆಯಲ್ಲಿ ಅವನ ಕಾಲುಗಳನ್ನು ತಿರುಗಿಸಿರಬೇಕು.